ಯಾವ ಅಂಕಣ?

ಹಾಸನದ ಬಸ್ ನಿಲ್ದಾಣದಲ್ಲಿ ಇಪ್ಪತ್ತೆಂಟು ವರ್ಷ
ಮೈಕಿನ ಮುಂದೆ ಕೂತವನು ನಾನು.
'ಪ್ರಯಾಣಿಕರ ಗಮನಕ್ಕೆ' ಎಂದರೆ
ಒಬ್ಬರೂ ಗಮನ ಕೊಡುತ್ತಿರಲಿಲ್ಲ;
ಕಡಲೆಕಾಯಿಯವನು ನನಗಿಂತ ಜೋರಾಗಿ ಕೂಗುತ್ತಿದ್ದ.
ಅರಕಲಗೂಡು ಬಸ್ಸಿನ ಫಕ್ರುದ್ದೀನನಂತೂ
ನಾನು ಬಾಯಿ ತೆರೆಯುವ ಮೊದಲೇ
ಮೂರು ಸಲ ಹಾರನ್ನು ಒತ್ತಿ ಹೊರಟಿರುತ್ತಿದ್ದ.

ರಿಟೈರಾದ ಮೇಲೆ ಒಂದು ಕಯಾಕ್ ಕೊಂಡೆ.
ಮುಚ್ಚಿಹೋದ ರೆಸಾರ್ಟಿನದು, ಹಳದಿ, ಬುಡದಲ್ಲೊಂದು ಬೆಸುಗೆ.
ಗೊರೂರಿನ ಹಿನ್ನೀರಿನಲ್ಲಿ ಗಾಳ ಹಾಕಲಿಕ್ಕೆ.
ಹರಿಗೋಲಿನ ತಿಮ್ಮೇಶ ನೋಡಿ ನಕ್ಕ:
'ಬಾಳೆದಿಂಡಿನ ಮೇಲೆ ಕೂತಂಗೈತೆ ಸಾರ್.'
ಆಮೇಲೆ ನಗದೆ ಹೇಳಿದ,
ಗುಡ್ಡದ ಆಚೆ ಮೊಬೈಲು ಸಿಗಲ್ಲ ಅಂತ.

ಅದಕ್ಕೇ ಈ ಸೆಟ್ಟು.
ಅಂಗಡಿಯವನು ಎರಡು ಬಗೆ ತೆಗೆದಿಟ್ಟ.
ಒಂದು ಸಮುದ್ರದ್ದು, ಕಿತ್ತಳೆ ಅಂಚು, ತಾನಾಗೇ ತೇಲುತ್ತದೆ,
ಹದಿನಾರನೇ ಚಾನೆಲ್ಲಿನಲ್ಲಿ ಕೂಗಿದರೆ
ಕರಾವಳಿಯಲ್ಲಿ ಯಾರಾದರೂ ಓಗೊಡುತ್ತಾರೆ.
ಗೊರೂರಿನಲ್ಲಿ? ಎಂದೆ.
ತಲೆ ಕೆರೆದುಕೊಂಡ.
ಗೊರೂರಿನ ಹದಿನಾರರಲ್ಲಿ ಕೊಕ್ಕರೆಗಳಷ್ಟೇ.
ಇನ್ನೊಂದು, ಮದುವೆ ಛತ್ರದ ಕಾವಲಿನವರು ಹಿಡಿಯುವಂಥ ಜೋಡಿ,
ತುಂತುರು ತಡೆಯುತ್ತದೆ, ಬಿದ್ದರೆ ಕಲ್ಲು.
ಸೆಟ್ಟಿಗಿಂತ ಮೊದಲು
ಕೇಳುವವನನ್ನು ಆರಿಸಬೇಕೆಂದು ಹೊಳೆದದ್ದು ಅಲ್ಲೇ.
ಜೋಡಿಯನ್ನೇ ಕೊಂಡೆ.

ನೀರು ಹೋಗದ ಚೀಲದಲ್ಲಿ ಬಿಗಿದು
ಬಚ್ಚಲ ಬಕೆಟ್ಟಿಗೆ ಬಿಟ್ಟೆ.
ತಿಮ್ಮೇಶ ಕೊಟ್ಟ ಬಲೆಯ ಬೆಂಡು ಒಂದು ಕಟ್ಟಿದೆ, ಮುಳುಗಿತು.
ಎರಡಕ್ಕೆ ಮೂಗಿನ ತುದಿ ತೋರಿತು.
ಮೂರಕ್ಕೆ ತೇಲಿತು.
'ಹುಟ್ಟಿದ ಮಕ್ಕಳಿಗೂ ನೀವು
ಇಷ್ಟು ಹೊತ್ತು ಸ್ನಾನ ಮಾಡಿಸಿದ್ದಿಲ್ಲ' ಎಂದಳು ಇವಳು.

ಫಕ್ರುಗೆ ಒಂದು ಕಣ್ಣಲ್ಲಿ ಪೊರೆ, ಕಿವಿ ಮಾತ್ರ ಹದ್ದು.
ಹಳೇ ಟಾರು ರಸ್ತೆ ಇಳಿದು ನೀರೊಳಗೆ ಮುಗಿಯುವಲ್ಲಿ
ಓಮ್ನಿ ನಿಲ್ಲಿಸಿ, ಬೋಂಡದ ಪೊಟ್ಟಣ ಬಿಚ್ಚಿ ಕೂರುತ್ತಾನೆ.
ಅವನಿಗೆ ಕಲಿಸಿದೆ: ಒತ್ತು, ಒಂದು ಉಸಿರು ಬಿಡು, ಆಮೇಲೆ ಮಾತು;
ಇಲ್ಲದಿದ್ದರೆ ಮೊದಲ ಪದದ ತಲೆ ಹಾರಿಹೋಗುತ್ತದೆ.
ಮುಗಿದ ಮೇಲೆ ಬೆರಳು ಬಿಡು.
ಇಬ್ಬರೂ ಒತ್ತಿ ಹಿಡಿದರೆ ಇಬ್ಬರಿಗೂ ಏನೂ ಇಲ್ಲ.
'ಹಾರನ್ ಒತ್ತಿ ಬೆಳೆದ ಬೆರಳು ಇದು' ಎಂದ,
'ಬಿಡೋದನ್ನ ಈಗ ಕಲೀಬೇಕಾ?'
ನಾನೂ ಕಲಿತೆ. ನೀರಿಗಂಟಿ ಕೂತವನ ಮಾತು
ನೀರಿನಲ್ಲೇ ಬಿದ್ದುಹೋಗುತ್ತದೆ, ಕೈ ಎತ್ತಿ ಹಿಡಿಯಬೇಕು.
ಸೆಟ್ಟನ್ನು ದೋಣಿಗೆ ಕಟ್ಟಬಾರದು, ಮೈಗೆ ಕಟ್ಟಬೇಕು.
ದೋಣಿ ಒಂದು ಕಡೆ, ನಾನೊಂದು ಕಡೆ ಆದಾಗಲ್ಲವೇ
ಅದರ ಕೆಲಸ?

ಯುಗಾದಿ ಕಳೆದು ಎರಡು ವಾರ. ಮಧ್ಯಾಹ್ನ ಮೂರು.
ಎರಡು ಜಿಲೇಬಿ ಮೀನು ಸಿಕ್ಕಿದ್ದವು.
ಗಾಳಿ ಬಂದದ್ದಲ್ಲ, ಬಿದ್ದದ್ದು, ಗುಡ್ಡದ ಮೇಲಿನಿಂದ,
ಮೂಟೆ ಇಳಿಸಿದ ಹಾಗೆ.
ಹಳದಿ ಹೊಟ್ಟೆ ಮೇಲಾಗಿ
ಕಯಾಕು ತನ್ನ ಪಾಡಿಗೆ ತಾನು ಹೋಯಿತು.
ಕಾಲಿಗೆ ನೆಲವಿಲ್ಲ. ಎದೆಗೆ ಮೂರು ಬೆಂಡು ಬಡಿಯುತ್ತಿವೆ.
ಒತ್ತಿದೆ. ಒಂದು ಉಸಿರು.
ಅಪಾಯಕ್ಕೆಂದು ಬಾಯಿಪಾಠ ಮಾಡಿದ್ದೆಲ್ಲ ತೊಳೆದುಹೋಗಿ
ಬಾಯಿಗೆ ಬಂದದ್ದು:
ಪ್ರಯಾಣಿಕರ ಗಮನಕ್ಕೆ.

ಬೆರಳು ಬಿಟ್ಟೆ.
ಗೊರಗೊರ. ಗೊರಗೊರ.
'ಯಾವ ಅಂಕಣ? ಓವರ್.'

ಒಣ ಹುಣಸೆಮರ, ಅದರ ಎಡಕ್ಕೆ, ಎಂದೆ,
ಮೈಲಿಗಲ್ಲಿನ ನೇರಕ್ಕೆ.
ಅವನಿಗೆ ಈಜು ಬರುವುದಿಲ್ಲ.
ದಡದಿಂದ ಹಾರನ್ನು ಕೇಳಿಸಿತು, ಉದ್ದಕ್ಕೆ, ಮೂರು ಸಲ,
ಎಲ್ಲೋ ಬಲೆ ಬಿಡುತ್ತಿದ್ದ ತಿಮ್ಮೇಶನ ಕಡೆಗೆ.

ಹರಿಗೋಲಿನಿಂದ ಇಳಿದಾಗ ಹಲ್ಲು ಕಟಕಟ.
ಫಕ್ರು ಎರಡು ಮಾರು ದೂರದಲ್ಲಿ ನಿಂತಿದ್ದ.
ಹತ್ತಿರ ಬರಲಿಲ್ಲ.
ಸೆಟ್ಟನ್ನು ಬಾಯಿಗೆ ಹಿಡಿದು, ಒತ್ತಿ, ಒಂದು ಉಸಿರು ಬಿಟ್ಟು,
'ಹಾಸನ ಗಾಡಿ ರೆಡಿ, ಹತ್ತು' ಎಂದ.
ಅವನ ಬಾಯಿಂದ ಒಮ್ಮೆ ಕೇಳಿಸಿತು,
ನನ್ನ ಎದೆಯ ಮೇಲಿಂದ ಇನ್ನೊಮ್ಮೆ.